ಪಹಣಿ ಫೋನಿನಾಗ, ದಾರಿ ಕಾಕಾನ ತಲ್ಯಾಗ

ಆಳಂದ ರಸ್ತೆ ಕಡೆ ಎರಡು ಎಕರೆ ಹೊಲ ಹುಡುಕಲು ಹೊರಟು ಒಂದು ವರ್ಷವಾಯಿತು. 2020ರಲ್ಲಿ ಕಾಯ್ದೆ ಸಡಿಲಾಗಿ, ಒಕ್ಕಲುತನ ಗೊತ್ತಿಲ್ಲದ ನನ್ನಂಥ ಮಾಸ್ತರನೂ ಹೊಲ ಕೊಳ್ಳಬಹುದು ಎಂದಾದಾಗಿನಿಂದ ತಲೆಯಲ್ಲಿ ಹುಳ ಹೊಕ್ಕಿತ್ತು. ಮೂರು ರೀತಿ ಪ್ರಯತ್ನಪಟ್ಟೆ: ನಾನೇ ಫೋನ್ ಹಿಡಿದು ಕೂತೆ, ಕಲಬುರಗಿ ರಿಂಗ್ ರೋಡಿನ ಹುಡುಗ ಏಜೆಂಟ್ ಒಬ್ಬನನ್ನು ಹಿಡಿದೆ, ಕೊನೆಗೆ ಗಂಜ್ ಕಡೆಯ ಹಳೇ ದಲ್ಲಾಳಿ ಕಾಕಾ.

ಫೋನ್ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೊಟ್ಟಿತು. ಸರಕಾರದ ‘ಭೂಮಿ’ ತಾಣದಲ್ಲಿ ಹೊಲದ ಹಕ್ಕುದಾಖಲೆ ಪಹಣಿ, ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿ ಇಸಿ (ಹಿಂದಿನ ಮಾರಾಟ, ಅಡವುಗಳ ಪಟ್ಟಿ) ಮತ್ತು ಸರಕಾರದ ಮಾರ್ಗಸೂಚಿ ದರ. ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್. ನಮ್ಮಪ್ಪ ಒಂದು ಸರ್ವೆ ನಂಬರ್ ಬಾಯಿಬಿಡಿಸಲು ದಲ್ಲಾಳಿಗೆ ನಾಲ್ಕು ಸಲ ಚಹಾ ಕುಡಿಸಿದ್ದರು. ಆಗ ಮುಚ್ಚಿಡುವುದೇ ಅರ್ಧ ದಂಧೆ. ಆ ಅರ್ಧ ಹೋಯಿತು, ಹೋಗಿದ್ದೇ ಒಳ್ಳೇದಾಯಿತು.

ಜಾಹೀರಾತು ತಾಣಗಳಿಂದ ಮಾತ್ರ ಏನೂ ಹುಟ್ಟಲಿಲ್ಲ. ಒಂದೇ ಹೊಲ, ಒಂದೇ ಫೋಟೋ, ಮೂವರು ಏಜೆಂಟರು, ಮೂರು ರೇಟು.

ಹುಡುಗ ಚುರುಕು. ಒಂದೇ ಸಂಜೆಗೆ ಹನ್ನೊಂದು ಹೊಲಗಳ ಲೊಕೇಶನ್ ಕಳಿಸಿದ. ‘ಪಹಣಿ ಕ್ಲಿಯರ್ ಅದ ಸರ’ ಎಂದ ಒಂದನ್ನು ನಾನೇ ತೆಗೆದು ನೋಡಿದರೆ 11ನೇ ಕಾಲಂನಲ್ಲಿ ಬ್ಯಾಂಕಿನ ಬೋಜಾ (ಸಾಲದ ಹೊರೆ) ಕೂತಿತ್ತು. ಅವನು ನೋಡಿದ್ದು 9ನೇ ಕಾಲಂನ ಮಾಲೀಕರ ಹೆಸರಷ್ಟೇ. ಬಾವಿಯಲ್ಲಿ ನೀರು ಹೆಂಗದ ಎಂದು ಕೇಳಿದೆ. ಉಪಗ್ರಹದ ಚಿತ್ರ ದೊಡ್ಡದು ಮಾಡಿ ತೋರಿಸಿದ. ನನ್ನ ಕೈಯಲ್ಲೂ ಅದೇ ಫೋನ್ ಇದೆಯಲ್ಲಪ್ಪ, ಎರಡು ಪರ್ಸೆಂಟ್ ಕಮಿಷನ್ ಯಾತಕ್ಕೆ?

ಕಾಕಾನೂ ಸಾಚಾ ಎಂದೇನಲ್ಲ. ಮೊದಲ ಹೊಲದ ಬೋಜಾ ಅವರೂ ಮುಚ್ಚಿಟ್ಟಿದ್ದರು. ಫೋನ್ ಮುಂದೆ ಹಿಡಿದಾಗ ಚಷ್ಮಾ ಏರಿಸಿ ನೋಡಿ, ‘ಹೌದಲ್ರಿ, ಇದು ಇನ್ನೂ ಕಡಿಮಿ ಮಾಡಿಸಿಲ್ಲ’ ಎಂದು ನಕ್ಕರು. ಅಂದಿನಿಂದ ನನಗೆ ಸುಳ್ಳು ಹೇಳಿಲ್ಲ. ಹೇಳಿ ಉಪಯೋಗವಿಲ್ಲ ಎಂದು ಗೊತ್ತಾಗಿರಬೇಕು.

ಎರಡನೇ ಹೊಲ ನನಗೆ ಬಹಳ ಹಿಡಿಸಿತ್ತು. ಪಹಣಿ ಸ್ವಚ್ಛ, ಇಸಿ ಸ್ವಚ್ಛ, ಡಾಂಬರು ರಸ್ತೆಯಿಂದ ನಕ್ಷೆಯಲ್ಲಿ ಇನ್ನೂರು ಮೀಟರ್. ಕಾಕಾ ಬದುವಿನ ಮೇಲೆ ನಿಂತು ಕೇಳಿದರು: ‘ಸರ, ಶ್ರಾವಣದಾಗ ಬಂದು ನೋಡೀರೇನು?’ ಮುಂದಿನ ಹೊಲದವನು ಬಂಡಿದಾರಿಯನ್ನು ವರ್ಷವರ್ಷ ಒಂದೊಂದು ಸಾಲು ಹರಗುತ್ತ ಬಂದಿದ್ದಾನೆ, ಉಳಿದದ್ದು ಕಾಲು ಹಾದಿ. ಅದೂ ಎರಿ ಮಣ್ಣು. ಎರಡು ಮಳೆ ಬಿದ್ದರೆ ಟ್ರ್ಯಾಕ್ಟರ್ ಬಿಡಿ, ಎತ್ತಿನ ಕಾಲೂ ಕಿತ್ತು ಬರುವುದಿಲ್ಲ. ತೊಗರಿ ರಾಶಿ ಹೊರಗೆ ತರುವಾಗ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು. ಇದಕ್ಕೆ ಪಹಣಿಯಲ್ಲಿ ಯಾವ ಕಾಲಂ?

ಇನ್ನೊಂದು ಮಾತನ್ನು ಬಸ್‌ಸ್ಟ್ಯಾಂಡಿಗೆ ವಾಪಸ್ ಬರುವಾಗ ಸಣ್ಣ ದನಿಯಲ್ಲಿ ಹೇಳಿದರು. ಹೊಲ ಮಾರುವವರ ಮನೆಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಾಕೆಯನ್ನು ಅಫಜಲಪುರ ಕಡೆ ಕೊಟ್ಟಿದೆ, ವಾಟ್ನಿಯಲ್ಲಿ (ಪಾಲುಪತ್ರದಲ್ಲಿ) ಅವರ ಸಹಿ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕೇಂದ್ರದ ಕಾನೂನಾದದ್ದು 2005ರಲ್ಲಿ. ಪರದೆಯ ಮೇಲೆ ಕಂಡದ್ದು ಅಣ್ಣತಮ್ಮಂದಿರ ಎರಡು ಹೆಸರು. ಆನ್‌ಲೈನ್ ಇಸಿ ಸಿಗುವುದೂ 2004ರಿಂದ ಈಚಿನದು. ಅದಕ್ಕೂ ಹಿಂದಕ್ಕೆ ಹೋದರೆ ಕೈಬರಹ, ಮತ್ತೂ ಹಿಂದೆ ನಿಜಾಮರ ಕಾಲದ ಉರ್ದು ಕಾಗದ. ಕಾಕಾ ಅದನ್ನು ಓದುತ್ತಾರೆ. ಹುಡುಗನೂ ನಾನೂ ಓದಲಾರೆವು.

ಹೀಗಾಗಿ ಹುಡುಗನನ್ನು ಬಿಟ್ಟೆ. ಕಾಗದ ನನ್ನ ಪಾಲು, ಊರು ಕಾಕಾನ ಪಾಲು. ಎರಡರ ಬದಲು ಒಂದು ಪರ್ಸೆಂಟಿಗೆ ಒಪ್ಪಿದ್ದಾರೆ. ಈಗ ಯಾವುದೇ ಗಿರಾಕಿಗೆ ಹೊಲ ತೋರಿಸುವ ಮೊದಲು ಸರ್ವೆ ನಂಬರ್ ನನಗೇ ಬರುತ್ತದೆ: ‘ಸರ, ಬೋಜಾ ಅದ ಏನ್ ನೋಡ್ರಿ.’

ಮೂರನೇ ಹೊಲ ನೋಡಿ ಬಂದಿದ್ದೇವೆ. ಇಸಾರ (ಮುಂಗಡ) ಕೊಟ್ಟಿಲ್ಲ. ಮುಂದಿನ ಹೊಲದವರು ದಾರಿ ಬಿಡುತ್ತೇವೆಂದು ಬರೆದುಕೊಡಬೇಕು, ಒಂದು ಮಳೆಯೂ ಬೀಳಬೇಕು.