ಮೊಲಕ್ಕೆ ಹುಲಿ ಕಣ್ಣು ಇಟ್ಟಿದಾರೆ, 5ಕ್ಕೆ 3 ಸ್ಟಾರ್

ಮಗಳಿಗೆ ಅಂತ ತರಿಸಿದ ರಬ್ಬರ್ ಪ್ರಾಣಿಗಳ ಸೆಟ್ ಇದು, 12 ಪೀಸ್. ಕ್ವಾಲಿಟಿ ಪರವಾಗಿಲ್ಲ, ಬಣ್ಣ ಬಿಡ್ತಿಲ್ಲ. ಆದ್ರೆ ಮೊಲ ನೋಡಿದ್ರೆ ನಗು ಬರತ್ತೆ ಮಾರಾಯ್ರೇ, ಎರಡೂ ಕಣ್ಣು ಮೂಗಿನ ಮೇಲೇ ಒತ್ತಿಟ್ಟು ಹುಲಿ ತರ ದಿಟ್ಟಿಸ್ತಾ ಇದೆ! ನಿಜವಾದ ಮೊಲಕ್ಕೆ ಕಣ್ಣು ತಲೆಯ ಆ ಕಡೆ ಒಂದು ಈ ಕಡೆ ಒಂದು ಇರೋದು, ಅದಕ್ಕೇ ಹೆಚ್ಚುಕಮ್ಮಿ 360 ಡಿಗ್ರಿ ಕಾಣತ್ತೆ, ಹಿಂದಿನಿಂದ ನರಿ ಬಂದ್ರೂ ತಲೆ ತಿರುಗಿಸದೇ ಗೊತ್ತಾಗತ್ತೆ, ಆದ್ರೆ ಪಾಪ ಮೂಗಿನ ಕೆಳಗೇ ಇರೋ ಸೊಪ್ಪು ಮಾತ್ರ ಕಾಣಲ್ಲ. ಹುಲಿ, ಬೆಕ್ಕಿಗೆ ಇದು ಉಲ್ಟಾ, ಎರಡೂ ಕಣ್ಣು ಒಂದೇ ಜಾಗ ನೋಡೋದ್ರಿಂದ ಎಷ್ಟು ದೂರ ಇದೆ ಅನ್ನೋ ಅಂದಾಜು ಚೆನ್ನಾಗಿ ಸಿಗತ್ತೆ, ಮೇಲೆ ಎಗರೋಕೆ ಮುಂಚೆ ಅದು ಬೇಕಲ್ಲ.

ಮೇಕೆ ಮಾತ್ರ ಸೂಪರ್. ಕಣ್ಣು ಪಕ್ಕದಲ್ಲೇ ಇದೆ, ಪಾಪೆನೂ ಅಡ್ಡಗೀಟು ಎಳೆದಂಗೆ ಕರೆಕ್ಟಾಗಿ ಮಾಡಿದಾರೆ. ನಿಜದ ಮೇಕೆ ಮೇಯೋಕೆ ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆನೇ ತಿರುಗಿ ಆ ಗೀಟು ನೆಲಕ್ಕೆ ಅಡ್ಡಡ್ಡವಾಗೇ ಉಳಿಯತ್ತೆ, ರಬ್ಬರಲ್ಲಿ ಅಷ್ಟೆಲ್ಲ ಕೇಳೋ ಹಾಗಿಲ್ಲ ಬಿಡಿ. ಗೂಬೆ ಓಕೆ.

ಇನ್ನೊಂದು, ಡಬ್ಬದ ಮೇಲೆ ಕಣ್ಣು ಮುಂದಿದ್ರೆ ಬೇಟೆಗಾರ ಅಂತ ಬರೆದಿದಾರೆ. ಹಂಗಾದ್ರೆ ಎಲೆ ಹಣ್ಣು ತಿನ್ಕೊಂಡಿರೋ ಗೊರಿಲ್ಲ? ಅದೂ ಇದೇ ಸೆಟ್ಟಲ್ಲಿದೆ, ಕಣ್ಣು ಮುಂದೇನೇ! ಆ ಸಾಲು ತೆಗೆದ್ರೆ ಒಳ್ಳೇದು. ಮೊಲ ಬದಲಾಯಿಸಿ ಕೊಡಿ ಅಂತ ಮೆಸೇಜ್ ಹಾಕಿದ್ದಕ್ಕೆ ಉತ್ತರ ಇಲ್ಲ, ಅಷ್ಟರಲ್ಲಿ ಮಗಳು ಸ್ಕೆಚ್ ಪೆನ್ನಲ್ಲಿ ಪಕ್ಕಕ್ಕೆ ಇನ್ನೆರಡು ಕಣ್ಣು ಬರೆದು ಮುಗಿಸಿದಾಳೆ.