ಎಚ್‌4 ಹೆಡ್‌ಲೈಟ್‌ಗೆ ಯಾವ ಬಲ್ಬ್? ಐದು ಬಗೆ ಹಾಕಿ ನೋಡಿದ ಹೋಲಿಕೆ

ಹಳೆಯ ಆಲ್ಟೊ, ವ್ಯಾಗನ್‌ಆರ್ ಥರದ ಗಾಡಿಗಳಲ್ಲಿ ಇರುವುದು ಎಚ್‌4 ಬಲ್ಬ್. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಬೆಳಕು ಸಾಲದು ಎಂದು ಅಂಗಡಿಗೆ ಹೋದರೆ ಹೊಸ ಮಾಮೂಲಿ ಹ್ಯಾಲೊಜೆನ್ ಬಲ್ಬ್, ‘ಪ್ಲಸ್ 130’ ಎಂದು ಬರೆದ ಹೆಚ್ಚು ಬೆಳಕಿನ ಬಲ್ಬ್, 100/90 ವ್ಯಾಟ್, ಎಚ್‌ಐಡಿ ಕಿಟ್ (ಫಿಲಮೆಂಟ್ ಬದಲು ಅನಿಲದಲ್ಲಿ ವಿದ್ಯುತ್ ಹಾಯಿಸಿ ಬೆಳಗುವುದು), ಎಲ್‌ಇಡಿ ಎಂದು ಐದು ಬಗೆ ತೋರಿಸುತ್ತಾರೆ. ಐದನ್ನೂ ಒಂದೇ ಗಾಡಿಗೆ ಹಾಕಿ, ಮೊದಲು ಗೋಡೆಯ ಮುಂದೆ, ಆಮೇಲೆ ಬೀದಿದೀಪ ಇಲ್ಲದ ರಸ್ತೆಯಲ್ಲಿ ನೋಡಿದ್ದು ಇಲ್ಲಿದೆ.

ಗೋಡೆಯ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಸಮತಟ್ಟು ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ದೀಪದ ಬೆಳಕನ್ನು ಮೇಲೆ ಕೆಳಗೆ ಮಾಡುವ ಲೆವೆಲಿಂಗ್ ಸ್ವಿಚ್ ಇದ್ದರೆ ಅದು 0ರಲ್ಲಿ, ಗೋಡೆಯಿಂದ ದೀಪಕ್ಕೆ 10 ಮೀಟರ್. ದೀಪದ ನಡುಮಟ್ಟಕ್ಕೆ ಗೋಡೆಯ ಮೇಲೆ ಒಂದು ಟೇಪ್, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಲೋ ಬೀಮ್‌ನ ಮೇಲಂಚು ಕೆಳಗಿನ ಟೇಪಿನ ಮೇಲೆ ಕೂರಬೇಕು. ಎಡಕ್ಕೆ ಮಾತ್ರ ಅದು 15 ಡಿಗ್ರಿ ಓರೆಯಾಗಿ ಮೇಲೇರಬೇಕು, ಏಕೆಂದರೆ ನಮ್ಮಲ್ಲಿ ನಡೆಯುವವರು, ಸೈಕಲ್, ಮೈಲಿಗಲ್ಲು ಎಲ್ಲ ಇರುವುದು ಆ ಬದಿಗೆ.

ಈ ಅಂಚು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ: ಲೋ ಬೀಮ್ ಫಿಲಮೆಂಟಿನ ಕೆಳಗೆ ಒಂದು ಚಿಕ್ಕ ಲೋಹದ ದೊನ್ನೆ ಇದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ ದೀಪದೊಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ, ಬೆಳಕು ರಸ್ತೆಗೆ ಬೀಳುತ್ತದೆ. ಗೋಡೆಯ ಮೇಲಿನ ಆ ಗೆರೆ ಈ ದೊನ್ನೆಯ ಅಂಚಿನದೇ ನೆರಳು. ಹೈ ಬೀಮ್ ಫಿಲಮೆಂಟಿಗೆ ದೊನ್ನೆ ಇಲ್ಲ, ಅದು ರಿಫ್ಲೆಕ್ಟರಿನ ನಾಭಿಯಲ್ಲೇ ಕೂತಿರುತ್ತದೆ. ಫಿಲಮೆಂಟ್ ಇರುವುದು ಐದು ಮಿಲಿಮೀಟರ್ ಆಸುಪಾಸು ಉದ್ದ. ಬೆಳಕಿನ ಮೂಲ ಒಂದು ಮಿಲಿಮೀಟರ್ ಅತ್ತಿತ್ತ ಆದರೂ ಗೋಡೆಯ ಮೇಲಿನ ಚಿತ್ರ ಕೆಡುತ್ತದೆ.

ಮೊದಲು ಮಾಮೂಲಿ 60/55. ಇದು ತಿನ್ನುವ ಬೈಗುಳ ಜಾಸ್ತಿ, ಇದರ ತಪ್ಪು ಕಡಿಮೆ. 13.2 ವೋಲ್ಟ್ ಸಿಕ್ಕಿದರೆ ಲೋ ಬೀಮ್‌ನಲ್ಲಿ 1000 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ), ಹೈ ಬೀಮ್‌ನಲ್ಲಿ 1650 ಲ್ಯೂಮೆನ್ ಇದರ ಲೆಕ್ಕ. ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಎಂಜಿನ್ ಚಾಲೂ ಇಟ್ಟು, ದೀಪ ಉರಿಯುತ್ತಿರುವಾಗಲೇ ಬಲ್ಬಿಗೆ ಸಿಕ್ಕಿಸುವ ಕಪ್ಲರಿನ ಹಿಂದಿನಿಂದ ಮಲ್ಟಿಮೀಟರ್ ಕಡ್ಡಿ ತಾಗಿಸಿ ಅಳೆಯಿರಿ. ನೋಡಿದ ಗಾಡಿಯಲ್ಲಿ ಬ್ಯಾಟರಿ ಮೇಲೆ 14.1, ಬಲ್ಬಿನ ಹತ್ತಿರ 12.3. ನಡುವಿನ 1.8 ವೋಲ್ಟನ್ನು ಸ್ಟೀರಿಂಗ್ ಪಕ್ಕದ ಸ್ವಿಚ್, ತೆಳು ವೈರ್, ತುಕ್ಕು ಹಿಡಿದ ಅರ್ಥ್ ಬೋಲ್ಟ್ ಸೇರಿ ನುಂಗುತ್ತಿದ್ದವು. ಹ್ಯಾಲೊಜೆನ್ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಅಂದರೆ 12.3ರಲ್ಲಿ ಐದರಲ್ಲಿ ಒಂದು ಪಾಲು ಬೆಳಕು ಆಗಲೇ ಖೋತಾ.

ಬಾಳಿಕೆ ಇದಕ್ಕೆ ಉಲ್ಟಾ, ಅದೂ 13ನೇ ಘಾತದಂತೆ. ವೋಲ್ಟೇಜ್ ನೂರಕ್ಕೆ ಐದು ಏರಿದರೆ ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ‘ಆರು ವರ್ಷದಿಂದ ಬಲ್ಬೇ ಬದಲಿಸಿಲ್ಲ’ ಎಂಬ ಗಾಡಿಯ ದೀಪ ಮಂಕಾಗಿರುವ ಸಾಧ್ಯತೆಯೇ ಹೆಚ್ಚು. ಮಾಮೂಲಿ ಬಲ್ಬಿಗೆ ಕಂಪನಿಗಳು ಹೇಳುವುದು 400ರಿಂದ 700 ಗಂಟೆ. ದಿನಕ್ಕೆ ಒಂದು ಗಂಟೆ ರಾತ್ರಿ ಓಡಾಟವಿದ್ದರೆ ಒಂದರಿಂದ ಎರಡು ವರ್ಷ.

ಇದೇ ಬಲ್ಬಿಗೆ ರಿಲೇ (ಸಣ್ಣ ಸಿಗ್ನಲ್ ಸಿಕ್ಕಾಗ ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಸ್ವಿಚ್) ವೈರಿಂಗ್ ಕಿಟ್ ಸೇರಿಸಿದ್ದು ಈ ಹೋಲಿಕೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ. 12 ವೋಲ್ಟ್, 30 ಆಂಪಿಯರಿನ ಎರಡು ರಿಲೇ, ಹೈಗೆ ಒಂದು, ಲೋಗೆ ಒಂದು. ಬ್ಯಾಟರಿಯ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್ ಮೂಲಕ ರಿಲೇ ಮೇಲೆ 30 ಎಂದು ಬರೆದ ಪಿನ್ನಿಗೆ, 87ರಿಂದ ಬಲ್ಬಿಗೆ, ಹಳೆಯ ಕಪ್ಲರಿನ ಸಿಗ್ನಲ್ 86ಕ್ಕೆ, 85 ಅರ್ಥ್‌ಗೆ. ವೈರ್ 2.5 ಚದರ ಮಿಲಿಮೀಟರಿನದು, ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ. ಅರ್ಥ್ ಕೂರಿಸುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹ ಕಾಣಬೇಕು. ಅಲ್ಲಿ ಸೋಮಾರಿತನ ಮಾಡಿದರೆ ಇಡೀ ಕಿಟ್ ದಂಡ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಪ್ಲಸ್ ಕಡೆಯಲ್ಲ, ಅರ್ಥ್ ಕಡೆ. ಅಂಥವಕ್ಕೆ ಸಿಗ್ನಲ್ ಸಂಪರ್ಕ ಬೇರೆ, ಮೊದಲೇ ಟೆಸ್ಟ್ ಲ್ಯಾಂಪಿನಲ್ಲಿ ನೋಡಿಕೊಳ್ಳಿ. ಕಿಟ್ ಹಾಕಿದ ಮೇಲೆ ಬಲ್ಬಿನ ಹತ್ತಿರ 13.8 ವೋಲ್ಟ್ ಬಂತು. ಲೆಕ್ಕದ ಪ್ರಕಾರ ಮೊದಲಿನ ಒಂದೂವರೆ ಪಟ್ಟು ಬೆಳಕು, ಗೋಡೆಯ ಗೆರೆ ಇದ್ದಲ್ಲೇ. ಬಲ್ಬ್ ಬೇಗ ಸುಡುತ್ತದೆ, ನಿಜ: ಕಂಪನಿ ಹೇಳಿದ ಗಂಟೆಗಳಲ್ಲಿ ಅರ್ಧಕ್ಕಿಂತ ತುಸು ಮೇಲೆ. ಬಲ್ಬಿನ ಬೆಲೆ ನೋಡಿದರೆ ಇದು ಒಪ್ಪಬಹುದಾದ ನಷ್ಟ.

ಪ್ಲಸ್ 130ರ ಅಂಕಿ ಒಟ್ಟು ಬೆಳಕಿನದಲ್ಲ. ಲ್ಯೂಮೆನ್ ಮಿತಿ ಇದಕ್ಕೂ ಅದೇ. ಫಿಲಮೆಂಟನ್ನು ಒತ್ತಾಗಿ ಸುತ್ತಿ, ಹೆಚ್ಚು ಕಾಯಿಸಿ, ರಸ್ತೆಯ ಕೆಲವು ಬಿಂದುಗಳಲ್ಲಿ ಕಾನೂನಿನ ಕನಿಷ್ಠಕ್ಕಿಂತ ಇಷ್ಟು ಹೆಚ್ಚು ಎಂದು ಅಳೆದದ್ದು. ದೂರದ ಎಡಬದಿ ನಿಜಕ್ಕೂ ಚೆನ್ನಾಗಿ ಕಾಣುತ್ತದೆ, ಎದುರಿನವರಿಗೆ ತೊಂದರೆಯಿಲ್ಲ. ಬೆಲೆ ತೆರುವುದು ಆಯಸ್ಸಿನಲ್ಲಿ: ಸುಮಾರು 150ರಿಂದ 250 ಗಂಟೆ. ರಿಲೇ ಜತೆಗೆ ಇದನ್ನು ಹಾಕಿದರೆ ಇನ್ನೂ ಕಡಿಮೆ. ಗಾಜು ಪೂರ್ತಿ ನೀಲಿ ಇರುವ ಅಗ್ಗದ ಬಲ್ಬ್ ಬೇರೆ ಜಾತಿ. ಆ ನೀಲಿ ಬೆಳಕನ್ನು ಸೋಸಿ ತೆಗೆಯುತ್ತದೆ, ಸೇರಿಸುವುದಿಲ್ಲ.

100/90ರ ಡಬ್ಬಿಯ ಮೇಲೆಯೇ ಸಾರ್ವಜನಿಕ ರಸ್ತೆಗಲ್ಲ ಎಂದು ಬರೆದಿರುತ್ತದೆ. ಬೆಳಕು ಧಾರಾಳ. ಆದರೆ ಹೈ ಬೀಮ್‌ನಲ್ಲಿ ಎರಡು ಬಲ್ಬ್ ಸೇರಿ 16 ಆಂಪಿಯರ್ ದಾಟುತ್ತವೆ. ಮೂಲ ವೈರಿಂಗಿಗೆ ನೇರ ಹಾಕಿದರೆ ಮೊದಲು ಕಪ್ಲರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕರಗಿ ಪಿನ್ನಿಗೆ ಅಂಟುತ್ತದೆ. ರಿಲೇ, ಸಿರಾಮಿಕ್ ಹೋಲ್ಡರ್ ಹಾಕಿ ಅದನ್ನು ತಪ್ಪಿಸಿದರೂ ಶಾಖ ರಿಫ್ಲೆಕ್ಟರಿನ ಬೆಳ್ಳಿ ಬಣ್ಣದ ಲೇಪವನ್ನು ಮಂಕು ಮಾಡುತ್ತದೆ. ಲೇಪ ಹೋದ ದೀಪಕ್ಕೆ ಯಾವ ಬಲ್ಬ್ ಹಾಕಿಯೂ ಪ್ರಯೋಜನವಿಲ್ಲ, ಇಡೀ ಅಸೆಂಬ್ಲಿ ಬದಲಿಸಬೇಕು.

ಎಚ್‌ಐಡಿ ಕಿಟ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 35 ವ್ಯಾಟಿಗೆ 3000 ಲ್ಯೂಮೆನ್ ಆಸುಪಾಸು, ಸುಮಾರು 2000 ಗಂಟೆಯ ಆಯಸ್ಸು ಕಾರ್ಖಾನೆಯಿಂದಲೇ ಬಂದ ಪ್ರೊಜೆಕ್ಟರ್ (ಮುಂದೆ ಉಬ್ಬು ಮಸೂರ ಇರುವ) ದೀಪಗಳಿಗೆ ಸರಿ. ರಿಫ್ಲೆಕ್ಟರಿಗೆ ಹಾಕಿದಾಗ ಗೆರೆ ಅಳಿಸಿಹೋಗಿ ಬೆಳಕು ಗೋಡೆಯ ತುದಿಯವರೆಗೂ ಚೆಲ್ಲಿತು. ಹೊತ್ತಿಸಿದ ಮೇಲೆ ಪೂರ್ತಿ ಬೆಳಕಿಗೆ ಕೆಲವು ಸೆಕೆಂಡು ಬೇಕು, ಡಿಪ್ ಮಾಡಿ ಓವರ್‌ಟೇಕ್ ಕೇಳುವವರಿಗೆ ಅದೂ ಅಡ್ಡಿ.

ಎಲ್‌ಇಡಿ ವಿಷಯದಲ್ಲಿ ಜನ ಮೋಸ ಹೋಗುವುದು ಗಾಡಿಯ ಮೂತಿಯ ಮುಂದಿನ ಹತ್ತು ಮೀಟರ್ ನೋಡಿ. ಅಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಿರುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ್ದು ಮತ್ತೂ ಕತ್ತಲು. ಫಿಲಮೆಂಟ್ ಸುತ್ತಲೂ ಬೆಳಗುತ್ತದೆ. ಎಲ್‌ಇಡಿ ಚಿಪ್ಪು ಇರುವುದು ಬಲ್ಬಿನ ನಡುವಿನ ಪಟ್ಟಿಯ ಎರಡು ಬದಿಗೆ ಮಾತ್ರ. ಪಟ್ಟಿ ದಪ್ಪವಾದಷ್ಟೂ ಎರಡು ಮೂಲಗಳ ನಡುವೆ ಅಂತರ, ಬೀಮ್‌ನಲ್ಲಿ ಕಪ್ಪು ಪಟ್ಟೆ. ಹಾಕಲೇಬೇಕೆಂದರೆ ತೆಳು ಪಟ್ಟಿಯದು, ಲೋ ಚಿಪ್ಪಿಗೆ ಲೋಹದ ದೊನ್ನೆ ಇರುವುದು ಆರಿಸಿ, ಚಿಪ್ಪುಗಳು ಗಡಿಯಾರದ 3 ಮತ್ತು 9ರ ದಿಕ್ಕಿಗೆ ಬರುವಂತೆ ಕಾಲರ್ ತಿರುಗಿಸಿ. ಹಾಕಿ ನೋಡಿದ ಎರಡು ಜೊತೆಗಳಲ್ಲಿ ತೆಳು ಪಟ್ಟಿಯದು ಗೆರೆಯನ್ನು ಒಂದಿಷ್ಟು ಉಳಿಸಿಕೊಂಡಿತು, ದಪ್ಪದ್ದು ಪೂರ್ತಿ ಅಳಿಸಿತು.

30,000 ಗಂಟೆ ಎಂಬ ಮಾತು ಚಿಪ್ಪಿಗೆ ಸಲ್ಲಬಹುದು, ಹಿಂದಿನ ಫ್ಯಾನಿಗೆ ಸಲ್ಲುವುದಿಲ್ಲ. ದೂಳು ತುಂಬಿ ಫ್ಯಾನ್ ನಿಂತರೆ ಚಿಪ್ಪು ಕಾದು ಮಂಕಾಗುತ್ತದೆ. ಹಿಂಬದಿ ಉದ್ದವಿರುವ ಬಲ್ಬಿಗೆ ಮೂಲ ರಬ್ಬರ್ ಬೂಟ್ ಕೂರದೆ ನೀರು, ದೂಳು ದೀಪದೊಳಗೆ ಸೇರುತ್ತದೆ. ಹ್ಯಾಲೊಜೆನ್‌ನಂತೆ ಮುಂದಕ್ಕೆ ಶಾಖ ಬರುವುದಿಲ್ಲವಾದ್ದರಿಂದ ಒಳಗಿನ ಹಬೆ ಬೇಗ ಆರುವುದೂ ಇಲ್ಲ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವವರಿಗೆ ಇನ್ನೊಂದು ಕಷ್ಟ: ಮೇಲಕ್ಕೆ ಚೆಲ್ಲಿದ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿ ಗೋಡೆ ನಿಂತಂತೆ. ಜರ್ಮನಿಯಲ್ಲಿ 2020ರಿಂದ ಇಂಥ ಕೆಲವು ಎಲ್‌ಇಡಿಗೆ ಅನುಮತಿ ಇದೆ, ಅದೂ ಪರೀಕ್ಷಿಸಿ ಪಟ್ಟಿ ಮಾಡಿದ ಗಾಡಿಗಳಿಗೆ ಮಾತ್ರ.

ಯಾವುದನ್ನೇ ಕೊಳ್ಳುವ ಮುಂಚೆ ದೀಪದ ಮುಖ ನೋಡಿ. ಪಾಲಿಕಾರ್ಬೊನೇಟ್ ಹಳದಿಗಟ್ಟಿದ್ದರೆ 800, 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಸಾಲಾಗಿ ತಿಕ್ಕಿ, ಪಾಲಿಶ್ ಮಾಡಿ, ಯುವಿ ತಡೆಯುವ ಕೋಟ್ ಹೊಡೆಯಿರಿ. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಹ್ಯಾಲೊಜೆನ್ ಬಲ್ಬ್ ಕೂರಿಸುವಾಗ ಗಾಜು ಮುಟ್ಟಬೇಡಿ. ಮುಟ್ಟಿದರೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಬೆರಳಿನ ಜಿಡ್ಡು ಸುಟ್ಟ ಜಾಗದಲ್ಲಿ ಗಾಜು ಬಲ ಕಳೆದುಕೊಂಡು ಉಬ್ಬುತ್ತದೆ. ಹೋದ ಬಲ್ಬನ್ನು ಎಸೆಯುವ ಮೊದಲು ಒಮ್ಮೆ ದಿಟ್ಟಿಸಿ. ಗಾಜು ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ವಯಸ್ಸಾಗಿತ್ತು, ಅದರ ಜೋಡಿಯೂ ಬೇಗ ಹೋಗುತ್ತದೆ, ಎರಡನ್ನೂ ಬದಲಿಸಿ. ಒಳಗೆ ಬಿಳಿ ಹೊಗೆಯ ಲೇಪವಿದ್ದರೆ ಗಾಜು ಸೀಳಿ ಗಾಳಿ ನುಗ್ಗಿದೆ. ಗಾಜು ಕಪ್ಪಾಗಿದ್ದು, ಎರಡೂ ಬಲ್ಬ್ ಒಂದೆರಡು ತಿಂಗಳಲ್ಲೇ ಹೋಗಿದ್ದರೆ ಹೊಸದು ಹಾಕುವ ಮುಂಚೆ ಎಂಜಿನ್ ವೇಗ ಏರಿಸಿ ಬ್ಯಾಟರಿ ಮೇಲೆ ಅಳೆಯಿರಿ: 14.8 ದಾಟುತ್ತಿದ್ದರೆ ಕೆಟ್ಟಿರುವುದು ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್.