ಹಳೆಯ ಮಾದರಿ ಟ್ರಾಮ್‌ಗಳು: ಡಿಂಕಿ, ಯೆಸ್ಟರ್‌ಇಯರ್, ಕೊರ್ಗಿ, ಲಿಯೊನೆಲ್ – ಒಂದು ಹೋಲಿಕೆ

ಹಳೆಯ ಮಾದರಿ ಟ್ರಾಮ್‌ಗಳ, ಅಂದರೆ ನಗರದ ಬೀದಿಯಲ್ಲಿ ಹಳಿಯ ಮೇಲೆ ಓಡುವ ಟ್ರಾಮ್ ಗಾಡಿಗಳ ಪುಟ್ಟ ಪ್ರತಿಕೃತಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಣ್ಣ, ಪೆಟ್ಟಿಗೆ ಮತ್ತು ಬೆಲೆಯಿಂದ ಆರಂಭಿಸುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಈ ವರ್ಷಗಳಲ್ಲಿ ಆಟಿಕೆ ಸಂತೆಗಳಿಂದಲೂ ಸಣ್ಣ ಹರಾಜುಗಳಿಂದಲೂ ಇವುಗಳನ್ನು ಕೊಂಡು, ಒರೆಸಿ, ಬಿಚ್ಚಿ, ಸಾಧ್ಯವಾದವನ್ನು ಓಡಿಸಿಯೂ ನೋಡಿದ ಮೇಲೆ, ನಾನು ಮೊದಲು ಕೇಳುವ ಪ್ರಶ್ನೆ ಬೇರೆಯೇ ಆಗಿದೆ: ಈ ಮಾದರಿಯನ್ನು ತಯಾರಿಸಿದ ವರ್ಷದಲ್ಲಿ ಅದರ ಮೂಲವಾದ ಟ್ರಾಮ್ ಬೀದಿಯಲ್ಲಿ ಓಡುತ್ತಿತ್ತೇ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರ, ಆ ಮಾದರಿಯ ವಿವರಗಳು ಎಷ್ಟು ಸೂಕ್ಷ್ಮವಾಗಿವೆ, ಗಾಲಿಗಳು ಹೇಗಿವೆ, ಅದನ್ನು ಯಾರಿಗಾಗಿ ಮಾಡಲಾಯಿತು ಎಂಬುದನ್ನೆಲ್ಲ ಬಹುಮಟ್ಟಿಗೆ ತಿಳಿಸಿಬಿಡುತ್ತದೆ.

ಕನ್ನಡ ಓದುಗರಲ್ಲಿ ಹೆಚ್ಚಿನವರಿಗೆ ಟ್ರಾಮ್ ಎಂದರೆ ಕೇಳಿದ ವಿಷಯ, ಕಂಡ ವಿಷಯವಲ್ಲ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಟ್ರಾಮ್ ಇರಲಿಲ್ಲ. ಮದರಾಸಿನಲ್ಲಿ 1953ರವರೆಗೆ, ಮುಂಬಯಿಯಲ್ಲಿ 1964ರ ಮಾರ್ಚ್ 31ರವರೆಗೆ ಓಡಿದ ಟ್ರಾಮ್‌ಗಳಲ್ಲಿ ಕೆಲಸಕ್ಕೆ ಹೋಗಿಬಂದ ನಮ್ಮ ಹಿರಿಯರಿಗೆ ಮಾತ್ರ ಅದರ ಅನುಭವವಿತ್ತು. ಆದ್ದರಿಂದ ಇಲ್ಲಿ ಹೇಳುವುದು ಮುಖ್ಯವಾಗಿ ಬ್ರಿಟನ್ನಿನ ಕಥೆ. ಅಮೆರಿಕ ಮತ್ತು ಜರ್ಮನಿಯ ಮಾತು ಹೋಲಿಕೆಗೆ ಬೇಕಾದಷ್ಟು ಮಾತ್ರ ಬರುತ್ತದೆ.

ಮೊದಲು ಡಿಂಕಿ. ಫ್ರಾಂಕ್ ಹಾರ್ನ್‌ಬಿ ಸ್ಥಾಪಿಸಿದ ಮೆಕ್ಯಾನೊ ಕಂಪನಿ ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆಯಲ್ಲಿ 1930ರ ದಶಕದ ಆದಿಯಲ್ಲಿ ಆಟದ ರೈಲುಗಳ ಪಕ್ಕದಲ್ಲಿ ಇಡಲೆಂದು ಸಣ್ಣ ಲೋಹದ ವಾಹನಗಳನ್ನು ಮಾಡತೊಡಗಿತು. 1934ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂತು. ಆ ವರ್ಷವೇ ಹೊರಬಂದ 27ನೇ ಸಂಖ್ಯೆಯ ಟ್ರಾಮ್ ಮೂರು ಅಂಗುಲದಷ್ಟು ಉದ್ದದ, ಎರಡಂತಸ್ತಿನ ಆಟಿಕೆ. ಎರಡನೆಯ ಮಹಾಯುದ್ಧ ಆರಂಭವಾಗುವವರೆಗೆ ಅದು ಮಾರಾಟದಲ್ಲಿತ್ತು. ಬಿನ್ಸ್ ರಸ್ತೆಗೆ ಹತ್ತಿರದಲ್ಲೇ, ಎಡ್ಜ್ ಲೇನ್‌ನಲ್ಲಿ, ಲಿವರ್‌ಪೂಲ್ ನಗರಸಭೆಯ ದೊಡ್ಡ ಟ್ರಾಮ್ ಕಾರ್ಖಾನೆ 1928ರಿಂದ ಕೆಲಸ ಮಾಡುತ್ತಿತ್ತು. 1936–37ರಲ್ಲಿ ಅಲ್ಲಿ ಕಟ್ಟಿದ, ದುಂಡು ಮೂತಿಯ ಹಸಿರು ಟ್ರಾಮ್‌ಗಳಲ್ಲಿ ಒಂದು, 869ನೇ ಸಂಖ್ಯೆಯದು, ಈಗ ಡರ್ಬಿಶೈರ್‌ನ ಕ್ರಿಚ್ ಗ್ರಾಮದಲ್ಲಿರುವ ರಾಷ್ಟ್ರೀಯ ಟ್ರಾಮ್ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಡಿಂಕಿ ಟ್ರಾಮಿಗೆ ಎರಕ ಹೊಯ್ಯುತ್ತಿದ್ದವರ ಸುತ್ತಮುತ್ತ ನಿಜವಾದ ಟ್ರಾಮ್‌ಗಳು ದಿನವೂ ಓಡುತ್ತಿದ್ದವು.

ಹೀಗಿದ್ದೂ, ಅಥವಾ ಹೀಗಿದ್ದುದರಿಂದಲೇ, ಡಿಂಕಿಯ ಟ್ರಾಮ್ ಯಾವ ನಗರದ ಯಾವ ಟ್ರಾಮನ್ನೂ ನಿಖರವಾಗಿ ಹೋಲುವುದಿಲ್ಲ. ಕೈಯಲ್ಲಿ ಹಿಡಿದಾಗ ಕಾಣುವುದು ಒಂದು ಗಟ್ಟಿಯಾದ ಚೌಕ ದೇಹ, ಸಾಲು ಕಿಟಕಿಗಳು, ಕೆಳಗೆ ಒಂದು ಬಣ್ಣ, ಮೇಲೆ ಕೆನೆಬಣ್ಣ, ಕೆಲವಕ್ಕೆ ಓವಲ್‌ಟೀನ್ ಪಾನೀಯದ ಜಾಹೀರಾತು, ಇಷ್ಟೇ. ಟ್ರಾಮ್ ಹೇಗಿರುತ್ತದೆಂದು ಕೊಳ್ಳುವ ಮಗುವಿಗೆ ಗೊತ್ತೇ ಇತ್ತು. ಆಟಿಕೆಯು ಅದನ್ನು ವಿವರಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಮೇಜಿನ ಮೇಲೆ ತಳ್ಳಿ ನೋಡಿದರೆ ಈ ನಾಲ್ಕೂ ಮಾದರಿಗಳ ಪೈಕಿ ಕೈಗೆ ಅತ್ಯಂತ ಹಿತವಾಗಿ ಒಗ್ಗುವುದು ಇದೇ. ಅದರ ತೂಕ ಮತ್ತು ಗಾತ್ರಗಳ ಹೊಂದಾಣಿಕೆಯನ್ನು ಮುಂದೆ ಬಂದ ಯಾವ ತಯಾರಕರೂ ಸಾಧಿಸಿದಂತೆ ನನಗೆ ಕಾಣುವುದಿಲ್ಲ.

ಆದರೆ ಯುದ್ಧಪೂರ್ವದ ಎರಕದ ಆಟಿಕೆಗಳಲ್ಲಿ ಹಲವಕ್ಕೆ ಒಂದು ಕಾಯಿಲೆಯಿದೆ, ಅದನ್ನು ತಿಳಿಯದೆ ಯಾರೂ ಹಣ ಕೊಡಬಾರದು. ಮೊದಲು ಸೀಸದ ಮಿಶ್ರಲೋಹವನ್ನು ಬಳಸುತ್ತಿದ್ದ ಕಾರ್ಖಾನೆಗಳು ಆ ದಶಕದಲ್ಲಿ ಮ್ಯಾಝಾಕ್ ಎಂಬ ಸತುವಿನ ಮಿಶ್ರಲೋಹಕ್ಕೆ ಬದಲಾದವು. ಸತು ಶುದ್ಧವಾಗಿದ್ದರೆ ಈ ಲೋಹ ಶತಮಾನ ಬಾಳುತ್ತದೆ. ಅದಕ್ಕೆ ಸ್ವಲ್ಪವೇ ಸೀಸ ಬೆರೆತರೂ ಲೋಹದ ಕಣಗಳ ನಡುವಿನ ಗಡಿಗಳಲ್ಲಿ ನಿಧಾನವಾಗಿ ಸವೆತ ಹಬ್ಬಿ, ದೇಹ ಉಬ್ಬುತ್ತದೆ, ಬಾಗುತ್ತದೆ, ಬಿರುಕು ಬಿಟ್ಟು ಕೊನೆಗೆ ಮುಟ್ಟಿದರೆ ಉದುರುತ್ತದೆ. ಇದನ್ನು ಗುಣಪಡಿಸುವ ಉಪಾಯವಿಲ್ಲ; ತೇವ ಮತ್ತು ಬಿಸಿಯಿಂದ ದೂರವಿಟ್ಟು ವೇಗವನ್ನು ತಗ್ಗಿಸಬಹುದಷ್ಟೆ. ಕಿಟಕಿಯ ತೆಳುವಾದ ಕಂಬಗಳಲ್ಲಿ ಮೊದಲು ಕೂದಲೆಳೆಯಂಥ ಬಿರುಕು ಕಾಣುತ್ತದೆ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅಂಥ ಟ್ರಾಮನ್ನು ನಾನು ಕೆಳಗಿಟ್ಟು ಮುಂದೆ ಹೋಗುತ್ತೇನೆ. ಕರ್ನಾಟಕದ ಕರಾವಳಿಯಂಥ ತೇವದ ಊರಿಗೆ ಇವನ್ನು ಒಯ್ಯಬೇಕೆಂದಿರುವವರು ಇನ್ನೂ ಎಚ್ಚರದಿಂದಿರಬೇಕು.

ಎರಡನೆಯದು ಲೆಸ್ನಿ ಕಂಪನಿಯ ಯೆಸ್ಟರ್‌ಇಯರ್. 1947ರಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು ಲಂಡನ್ನಿನಲ್ಲಿ ಆರಂಭಿಸಿದ, ಜ್ಯಾಕ್ ಓಡೆಲ್ ಎಂಬ ಕುಶಲ ಎರಕಗಾರ ಬಂದು ಸೇರಿದ ಈ ಕಂಪನಿ, ಮ್ಯಾಚ್‌ಬಾಕ್ಸ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತ. 1956ರಲ್ಲಿ ಅದು ಹಳೆಯ ಕಾಲದ ವಾಹನಗಳಿಗಾಗಿಯೇ ‘ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್’ ಎಂಬ ಸರಣಿಯನ್ನು ತಂದಾಗ ಮೊದಲನೆಯದು ಉಗಿಯ ಎಳೆಬಂಡಿ, ಎರಡನೆಯದು 1911ರ ಲಂಡನ್ ಬಸ್ಸು, ಮೂರನೆಯದು 1907ರ ಲಂಡನ್ ‘ಇ’ ವರ್ಗದ ಟ್ರಾಮ್. ಲಂಡನ್ನಿನ ಹಳೆಯ ಟ್ರಾಮ್ ವ್ಯವಸ್ಥೆ 1952ರ ಜುಲೈ 5ರ ರಾತ್ರಿ ಕೊನೆಗೊಂಡಿತ್ತು. ಅದಾದ ನಾಲ್ಕೇ ವರ್ಷಕ್ಕೆ ಈ ಮಾದರಿ ಅಂಗಡಿಗೆ ಬಂದಿತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ನೋಡಬೇಕು. ಟ್ರಾಮ್ ಇಲ್ಲದ ಬೀದಿಯನ್ನು ಆಗಲೇ ಕಂಡವರು ಇದನ್ನು ಮಾಡಿದರು, ಅಂಥವರೇ ಕೊಂಡರು.

ಡಿಂಕಿಯ ಪಕ್ಕದಲ್ಲಿ ಇದನ್ನಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೆಂಪು ದೇಹ, ಬಿಳಿ ಅಥವಾ ಕೆನೆಬಣ್ಣದ ಛಾವಣಿ, ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆಯ ಜಾಹೀರಾತು, ಎರಡೂ ತುದಿಗಳಲ್ಲಿ ಚಾಲಕ ನಿಲ್ಲುವ ತೆರೆದ ಕಟ್ಟೆ, ಅಲ್ಲಿಂದ ಮೇಲೇರುವ ಮೆಟ್ಟಿಲು: ಇದು ‘ಯಾವುದೋ ಒಂದು ಟ್ರಾಮ್’ ಅಲ್ಲ, ಲಂಡನ್ ಕೌಂಟಿ ಕೌನ್ಸಿಲ್ ಓಡಿಸಿದ ಒಂದು ನಿರ್ದಿಷ್ಟ ವರ್ಗದ ಟ್ರಾಮ್. ಅದರ ಹತ್ತಿರದ ಸಂಬಂಧಿಯಾದ ‘ಇ/1’ ವರ್ಗದ 1025ನೇ ಟ್ರಾಮ್ ಲಂಡನ್ ಸಾರಿಗೆ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎದುರು ನಿಂತು ಬಂದವರಿಗೆ, ಅಂಗೈಯಲ್ಲಿರುವ ಈ ಎರಕದಲ್ಲಿ ಕಿಟಕಿಗಳ ಅಂತರದಿಂದ ಹಿಡಿದು ಛಾವಣಿಯ ಬಾಗಿನವರೆಗೆ ಎಷ್ಟನ್ನು ಉಳಿಸಿಕೊಂಡಿದ್ದಾರೆ ಎಂದು ತಿಳಿದು ಸಂತೋಷವಾಗುತ್ತದೆ. ತಂತಿಯನ್ನು ಮುಟ್ಟುವ ಕಂಬವಿಲ್ಲದೆ ಛಾವಣಿ ಬೋಳಾಗಿದ್ದರೂ ಇಲ್ಲಿ ಅದು ಕೊರತೆಯೆನಿಸುವುದಿಲ್ಲ. ಲಂಡನ್ನಿನ ಮಧ್ಯಭಾಗದಲ್ಲಿ ಟ್ರಾಮ್‌ಗಳು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಗಳ ನಡುವೆ ರಸ್ತೆಯಡಿಯ ಕಾಲುವೆಯಲ್ಲಿ ಅಡಗಿಸಿದ್ದ ವಿದ್ಯುತ್ ಪಟ್ಟಿಗಳಿಂದ ಶಕ್ತಿ ಪಡೆಯುತ್ತಿದ್ದವು.

ಯೆಸ್ಟರ್‌ಇಯರ್ ಟ್ರಾಮಿನ ಬಗ್ಗೆ ನನಗಿರುವ ಒಂದೇ ಆಕ್ಷೇಪ ಅದರ ಅಳತೆಯದು. ಲೆಸ್ನಿಯವರು ವಾಹನವನ್ನು ಪೆಟ್ಟಿಗೆಗೆ ಹೊಂದುವಂತೆ ಕುಗ್ಗಿಸುತ್ತಿದ್ದರು. ಹೀಗಾಗಿ ಸರಣಿಯ ಬಸ್ಸು 1:100ರ (ನಿಜದ ನೂರರಲ್ಲೊಂದು) ಪ್ರಮಾಣದಲ್ಲಿದೆ, ಟ್ರಾಮ್ 1:130ರಲ್ಲಿದೆ. ಒಂದೇ ಬೀದಿಯಲ್ಲಿ ಓಡಿದ ಎರಡನ್ನೂ ಅಕ್ಕಪಕ್ಕ ಇಟ್ಟರೆ, ನಿಜಜೀವನದಲ್ಲಿ ಬಸ್ಸಿಗಿಂತ ಎಷ್ಟೋ ಭಾರಿಯಾಗಿದ್ದ ಟ್ರಾಮ್ ಅದರ ಮುಂದೆ ಕುಳ್ಳಾಗಿ ಕಾಣುತ್ತದೆ. ಇವೆರಡನ್ನು ನಾನು ಕಪಾಟಿನಲ್ಲಿ ಬೇರೆ ಬೇರೆ ಸಾಲಿನಲ್ಲಿಟ್ಟಿದ್ದೇನೆ.

ಇದೇ ಸರಣಿಯಲ್ಲಿ ಮೂರು ದಶಕಗಳ ನಂತರ, 1987ರಲ್ಲಿ, ಇನ್ನೊಂದು ಟ್ರಾಮ್ ಬಂತು: 15ನೇ ಸಂಖ್ಯೆಯ, 1920ರ ಪ್ರೆಸ್ಟನ್ ಮಾದರಿ. ಅಷ್ಟರಲ್ಲಿ ಲೆಸ್ನಿ 1982ರಲ್ಲಿ ದಿವಾಳಿಯಾಗಿ, ಮ್ಯಾಚ್‌ಬಾಕ್ಸ್ ಹೆಸರು ಯುನಿವರ್ಸಲ್ ಕಂಪನಿಯ ಕೈಸೇರಿತ್ತು. 1:87ರ ಪ್ರಮಾಣದ ಈ ಟ್ರಾಮ್ ಹಳೆಯದಕ್ಕಿಂತ ದೊಡ್ಡದು, ಅಕ್ಷರಗಳ ಮುದ್ರಣ ಇನ್ನೂ ಸ್ಪಷ್ಟ, ಆದರೆ ಅದನ್ನು ಆಟಕ್ಕಲ್ಲ, ಸಂಗ್ರಾಹಕರಿಗೆಂದೇ ಮಾಡಿದ್ದಾರೆ. ಲಂಡನ್ ಬಣ್ಣದಲ್ಲಿ ಸ್ವಾನ್ ವೆಸ್ಟಾಸ್ ಬೆಂಕಿಪೆಟ್ಟಿಗೆಯ ಜಾಹೀರಾತಿನೊಂದಿಗೆ ಮೊದಲು ಬಂದು, ಮುಂದೆ ಇತರ ಊರುಗಳ ಬಣ್ಣಗಳನ್ನೂ ತೊಟ್ಟಿತು. ಪ್ರೆಸ್ಟನ್ನಿನಲ್ಲಿದ್ದ ಡಿಕ್, ಕೆರ್ ಕಾರ್ಖಾನೆ ಬ್ರಿಟನ್ನಿನ ಎಷ್ಟೋ ನಗರಗಳಿಗೆ ಟ್ರಾಮ್ ಕಟ್ಟಿಕೊಟ್ಟಿದ್ದರಿಂದ ಒಂದೇ ದೇಹಕ್ಕೆ ಹಲವು ಬಣ್ಣ ಬಳಿಯುವುದರಲ್ಲಿ ಸ್ವಲ್ಪ ನ್ಯಾಯವಿದೆಯೆಂದು ಒಪ್ಪುತ್ತೇನೆ. ಬೆಲೆ ಇಂದಿಗೂ ಕಡಿಮೆ. ಆದರೂ 1956ರ ಮಾದರಿಯಲ್ಲಿ ಕಾಣುವ ಎರಕಗಾರನ ಕಣ್ಣು ಇದರಲ್ಲಿ ನನಗೆ ಕಾಣಲಿಲ್ಲ.

ಮೂರನೆಯದಾದ ಕೊರ್ಗಿಯ ಟ್ರಾಮ್‌ಗಳಿಗೆ ‘ಹಳೆಯ’ ಎಂಬ ವಿಶೇಷಣ ಪೂರ್ತಿ ಸಲ್ಲುವುದಿಲ್ಲ. ಕೊರ್ಗಿ ಹೆಸರು 1956ರಲ್ಲಿ ವೇಲ್ಸ್‌ನ ಸ್ವಾನ್‌ಸೀಯಲ್ಲಿ ಮೆಟಾಯ್ ಕಂಪನಿಯಿಂದ ಆರಂಭವಾದರೂ, 1983ರಲ್ಲಿ ಮೆಟಾಯ್ ಕುಸಿದು, ಕಂಪನಿ ಕೈಯಿಂದ ಕೈಗೆ ದಾಟಿದ ನಂತರದ ಕಾಲದಲ್ಲಿ, ಹೆಚ್ಚಾಗಿ 1990ರ ದಶಕದಲ್ಲಿ, ಈ ಟ್ರಾಮ್‌ಗಳು ಬಂದವು. ಮಾಡಿದ್ದು ಹೊಸದು, ಮೂಲ ಮಾತ್ರ ಹಳೆಯದು. ಶೆಫೀಲ್ಡ್‌ನ ಟ್ರಾಮ್ 1960ರಲ್ಲಿ, ಗ್ಲಾಸ್ಗೋದ್ದು 1962ರಲ್ಲಿ ನಿಂತ ಮೇಲೆ, 1885ರಿಂದ ಓಡುತ್ತಲೇ ಇದ್ದ ಬ್ಲ್ಯಾಕ್‌ಪೂಲ್ ಒಂದನ್ನು ಬಿಟ್ಟರೆ ಬ್ರಿಟನ್ನಿನ ನಗರಗಳಿಗೆ ಟ್ರಾಮ್ ಕೇವಲ ನೆನಪಾಗಿತ್ತು. ಆ ನೆನಪನ್ನು ಊರೂರಿಗೂ ಹಂಚಲು ಕೊರ್ಗಿ ಕೆಲವೇ ದೇಹಗಳನ್ನು ಇಟ್ಟುಕೊಂಡು ಲೀಡ್ಸ್, ಬ್ಲ್ಯಾಕ್‌ಪೂಲ್ ಮೊದಲಾದ ಹಲವು ನಗರಗಳ ಬಣ್ಣ ಬಳಿಯಿತು. ಬಣ್ಣ, ಚಿನ್ನದ ಗೆರೆ, ಲಾಂಛನ, ಮಾರ್ಗಫಲಕ ಇವೆಲ್ಲ ಅಚ್ಚುಕಟ್ಟು. ದೇಹ ಮಾತ್ರ ಆ ನಗರದ್ದೇ ಎಂದು ಹೇಳಲಾಗದು. ತನ್ನೂರಿನ ಟ್ರಾಮನ್ನು ಹುಡುಕಿ ಬಂದವನಿಗೆ ಬಣ್ಣದಲ್ಲಿ ಊರು ಸಿಗುತ್ತದೆ, ಆಕಾರದಲ್ಲಿ ಸಿಗುವುದಿಲ್ಲ.

ಆದರೆ ಕೊರ್ಗಿಗೆ ಉಳಿದವಕ್ಕಿಲ್ಲದ ಒಂದು ಅನುಕೂಲವಿದೆ. ಅದು 1:76ರ ಪ್ರಮಾಣದಲ್ಲಿದೆ, ಅಂದರೆ ಬ್ರಿಟಿಷ್ ಮಾದರಿ ರೈಲುಗಾರರು ಓಓ ಎಂದು ಕರೆಯುವ ಅಳತೆ. ಆದ್ದರಿಂದ ಕೆಳಭಾಗವನ್ನು ತೆಗೆದು ಒಂದು ಸಣ್ಣ ಮೋಟಾರು ಗಾಲಿಜೋಡಿಯನ್ನು ಕೂರಿಸಿದರೆ 16.5 ಮಿಲಿಮೀಟರ್ ಹಳಿಯ ಮೇಲೆ ಓಡುತ್ತದೆ. ಜಪಾನಿನ ಟೆನ್‌ಶೋಡೊ ಕಂಪನಿಯ ‘ಸ್ಪಡ್’ ಎಂಬ ಪುಟ್ಟ ಮೋಟಾರು ಇದಕ್ಕೆ ಬಹುಕಾಲ ಹವ್ಯಾಸಿಗಳ ಮೆಚ್ಚಿನದಾಗಿತ್ತು. ಲೋಹದ ದೇಹದ ಭಾರದಿಂದ ಗಾಲಿಗಳು ಹಳಿಯನ್ನು ಚೆನ್ನಾಗಿ ಹಿಡಿಯುತ್ತವೆ, ಬಿಗಿಯಾದ ತಿರುವನ್ನೂ ನಿಧಾನವಾಗಿ ದಾಟುತ್ತವೆ. ನಾನು ಲೀಡ್ಸ್ ಬಣ್ಣದ್ದನ್ನು ಹೀಗೆ ಓಡಿಸಿ ನೋಡಿದ್ದೇನೆ. ಅದು ತಿರುವಿನಲ್ಲಿ ಹೊರಳುವ ಗಾಂಭೀರ್ಯವನ್ನು ನೋಡಿದರೆ ಕೆಳಭಾಗ ಬಿಚ್ಚಿದ ಶ್ರಮವೆಲ್ಲ ಸಾರ್ಥಕವೆನಿಸುತ್ತದೆ. ಲೆಕ್ಕ ಹಾಕುವ ಸ್ವಭಾವದವರಿಗೆ ಒಂದು ಸೂಚನೆ: ಲೀಡ್ಸ್‌ನ ಎರಡು ಹಳಿಗಳ ನಡುವಿನ ಅಂತರ 4 ಅಡಿ 8½ ಅಂಗುಲವಿತ್ತು, ಈ ಪ್ರಮಾಣದಲ್ಲಿ ಅದು ಸುಮಾರು 18.8 ಮಿಲಿಮೀಟರ್ ಆಗಬೇಕು. ಬರ್ಮಿಂಗ್‌ಹ್ಯಾಮ್‌ನ ಹಳೆಯ ಟ್ರಾಮ್ ಹಳಿಯದು 3 ಅಡಿ 6 ಅಂಗುಲವಿತ್ತು, ಅದು 14 ಮಿಲಿಮೀಟರ್ ಆಗಬೇಕು. ಹೀಗಾಗಿ ಒಂದೇ ಹಳಿಯ ಮೇಲೆ ಲೀಡ್ಸ್ ಟ್ರಾಮ್ ಇಕ್ಕಟ್ಟಾಗಿಯೂ ಬರ್ಮಿಂಗ್‌ಹ್ಯಾಮ್ ಟ್ರಾಮ್ ಅಗಲವಾಗಿಯೂ ನಿಲ್ಲುತ್ತದೆ.

ಓಡುವ ಟ್ರಾಮ್ ಎಂದ ಮೇಲೆ ಅಮೆರಿಕದ ಲಿಯೊನೆಲ್ ಅನ್ನು ಬಿಡುವಂತಿಲ್ಲ. ಜೋಶುವಾ ಲಿಯೊನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಈ ಕಂಪನಿಯ ಮೊಟ್ಟಮೊದಲ ಸರಕುಗಳಲ್ಲಿ ಒಂದು, 2⅞ ಅಂಗುಲ ಅಗಲದ ಹಳಿಯ ಮೇಲೆ ವಿದ್ಯುತ್ತಿನಿಂದ ಓಡುವ 1901ರ ಟ್ರಾಮ್. ಅದನ್ನು ಗಾಜಿನಾಚೆ ನೋಡಿದ್ದೇನೆ, ಮುಟ್ಟಿಲ್ಲ. ಮುಟ್ಟಿ ಓಡಿಸಿದ್ದು 1955ರಿಂದ 1958ರವರೆಗೆ ಮಾರಾಟವಾದ 60ನೇ ಸಂಖ್ಯೆಯ ಹಳದಿ ಟ್ರಾಮನ್ನು, ಅಮೆರಿಕದಲ್ಲಿರುವ ಬಂಧುವೊಬ್ಬರ ಮನೆಯಲ್ಲಿ. ಒಬ್ಬನೇ ನೌಕರ ನಡೆಸಬಹುದಾಗಿದ್ದ ಬರ್ನಿ ಎಂಬ ಪುಟ್ಟ ನಾಲ್ಕು ಗಾಲಿಯ ಟ್ರಾಮಿನ ಹೋಲಿಕೆ ಅದಕ್ಕಿದೆ. ಹಳಿಯ ತುದಿಯ ತಡೆಗೆ ಅದರ ಮುಂಭಾಗದ ಒತ್ತುಪಟ್ಟಿ ತಾಗಿದ ಕೂಡಲೇ ಒಳಗಿನ ಸ್ವಿಚ್ ಜಾರಿ, ಮೋಟಾರು ತಿರುಗುಮುರುಗಾಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಯಾರೂ ಕೈ ಹಾಕಬೇಕಾಗಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಿರುಗದೆಯೇ ಮರಳುವುದು ಟ್ರಾಮಿನ ನಿಜವಾದ ನಡೆ. ಅದನ್ನು ಹಿಡಿದದ್ದು ಈ ಆಟಿಕೆಯೊಂದೇ. ಗದ್ದಲ ಬಹಳ, ವೇಗವೂ ಅಗತ್ಯಕ್ಕಿಂತ ಹೆಚ್ಚು, ವಿದ್ಯುತ್ತಿಗಾಗಿ ನಡುವೆ ಇನ್ನೊಂದು ಹಳಿ ಸೇರಿದ ಮೂರು ಹಳಿಗಳ ದಾರಿ ಬೀದಿಯಂತೆ ಕಾಣುವುದೂ ಇಲ್ಲ.

ಜರ್ಮನಿಯ ಮಾತು ಚುಟುಕಾಗಿ: ಅಲ್ಲಿ ಅನೇಕ ನಗರಗಳು ಟ್ರಾಮನ್ನು ಕೈಬಿಡಲಿಲ್ಲ, ಆದ್ದರಿಂದ ಅಲ್ಲಿನ ತಯಾರಕರು ನಿಂತ ಮಾದರಿಗಿಂತ ಓಡುವ ಮಾದರಿಯತ್ತ ಒಲಿದರು. 1950ರ ದಶಕದಲ್ಲಿ ನ್ಯೂರೆಂಬರ್ಗಿನಲ್ಲಿ ಸಣ್ಣ ವಿದ್ಯುತ್ ಟ್ರಾಮ್‌ಗಳನ್ನು ಮಾಡುತ್ತಿದ್ದ ಹಾಮೊ ಕಂಪನಿಯನ್ನು ಮುಂದಿನ ದಶಕದಲ್ಲಿ ಮೆರ್ಕ್ಲಿನ್ ಕೊಂಡು, ಆ ಹೆಸರನ್ನು ತನ್ನ ಎರಡು ಹಳಿಯ ರೈಲುಗಳಿಗೆ ಬಳಸಿತು. ಅವು ಭಾರತಕ್ಕೆ ತರಿಸುವವರಿಗೂ ಬ್ರಿಟನ್ನಿನಲ್ಲಿ ಹುಡುಕುವವರಿಗೂ ಸುಲಭವಾಗಿ ಸಿಗುವಂಥವಲ್ಲ.

ಮಕ್ಕಳೊಂದಿಗೆ ಓಡಿಸಲು ಬೇಕೆಂದರೆ ಲಿಯೊನೆಲ್, ಸ್ವಂತ ಕೈಯಿಂದ ಬೀದಿಯೊಂದನ್ನು ಕಟ್ಟುವ ಆಸೆಯಿದ್ದರೆ ಕೊರ್ಗಿ, ಹಣವೂ ಪರೀಕ್ಷಿಸುವ ತಾಳ್ಮೆಯೂ ಇದ್ದರೆ ಡಿಂಕಿ. ಒಂದೇ ಒಂದನ್ನು ಇಟ್ಟುಕೊಳ್ಳಬೇಕೆಂದರೆ ನನ್ನ ಆಯ್ಕೆ ನಿಸ್ಸಂದೇಹವಾಗಿ 1956ರ ಯೆಸ್ಟರ್‌ಇಯರ್ ಟ್ರಾಮ್, ಏಕೆಂದರೆ ಅಳತೆಯ ಆಕ್ಷೇಪವನ್ನು ಬದಿಗಿಟ್ಟರೆ, ಒಂದು ನಗರದ ಒಂದು ಟ್ರಾಮಿಗೆ ಪೂರ್ತಿ ನಿಷ್ಠವಾಗಿ ಇದ್ದದ್ದು ಅದೊಂದೇ. ಅದನ್ನು ಕೊಳ್ಳುವಾಗ ಮೊದಲು ತಲೆಕೆಳಗು ಮಾಡಿ ನೋಡಬೇಕು: ತಳ ಬೂದುಬಣ್ಣದ್ದಾದರೆ ಆರಂಭದ ತಯಾರಿಕೆ, ಕಪ್ಪಾದರೆ ನಂತರದ್ದು, ಗಾಲಿಗಳು ಮೊದಮೊದಲು ಲೋಹದವು, ಆಮೇಲೆ ಕಪ್ಪು ಪ್ಲಾಸ್ಟಿಕ್. ಬಳಿಕ ಮೆಟ್ಟಿಲಿನ ಅಡಿಭಾಗವನ್ನು ಗಮನಿಸಬೇಕು; ಆರಂಭದವುಗಳಲ್ಲಿ ಅಲ್ಲಿ ಟೊಳ್ಳು ಇದೆ, ಮುಂದಿನವುಗಳಲ್ಲಿ ಅದನ್ನು ಹಂತಹಂತವಾಗಿ ತುಂಬಿ ಗಟ್ಟಿಮಾಡಿದ್ದಾರೆ. ಜಾಹೀರಾತಿನ ಅಕ್ಷರಗಳ ಅಂಚು ಅತಿಯಾಗಿ ಹೊಳೆಯುತ್ತಿದ್ದರೆ ಅವು ಈಚೆಗೆ ಅಂಟಿಸಿದವು ಎಂದು ಶಂಕಿಸಬಹುದು. ಮಾಸಿದ ಮೂಲ ಅಕ್ಷರ, ಹೊಳೆಯುವ ಹೊಸ ಅಕ್ಷರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಮಾರುವವರು ಏನೇ ಹೇಳಲಿ.